ಅಜ್ಜಿಯ ‘ಜೋಮು’, ನಮ್ಮ ‘ಪೇನ್’

ಕಳೆದ ಸೆಮಿಸ್ಟರ್‌ನಲ್ಲಿ ನನ್ನ ರೂಮ್‌ಮೇಟ್‌ಗೆ ರಾತ್ರೋರಾತ್ರಿ ಸೊಂಟದ ಪಕ್ಕ ನೋವು ಶುರುವಾಯಿತು. ಬೆಳಿಗ್ಗೆ ಸ್ಕ್ಯಾನ್ ಮಾಡಿಸಿದರೆ ರಿಪೋರ್ಟ್‌ನಲ್ಲಿ ಎಡ ಕಿಡ್ನಿಯಲ್ಲಿ 5 ಮಿ.ಮೀ.ನ ‘ಕ್ಯಾಲ್ಕುಲಸ್’ ಇದೆ ಎಂದು ಬರೆದಿತ್ತು. ಅವನಿಗೆ ಮೊದಲ ವರ್ಷದ ಗಣಿತ ಇನ್ನೂ ಬಾಕಿ. ‘ಪೇಪರ್‌ನಲ್ಲಿ ಬಿಟ್ಟ ಕ್ಯಾಲ್ಕುಲಸ್ ಹುಡುಕಿಕೊಂಡು ಬಂದು ಕಿಡ್ನಿಯಲ್ಲಿ ಕೂತಿದೆ ನೋಡು’ ಎಂದು ಇಡೀ ಹಾಸ್ಟೆಲ್ ನಕ್ಕಿತು. ನೀರು ಕುಡಿದೂ ಕುಡಿದೂ ಕಲ್ಲು ಹೋಯಿತು, ಆ ಪೇಪರ್ ಮಾತ್ರ ಹಾಗೇ ಇದೆ.

ನಗು ಮುಗಿದ ಮೇಲೆ ನನಗೆ ಕುತೂಹಲ ಹುಟ್ಟಿತು. ಎರಡಕ್ಕೂ ಒಂದೇ ಹೆಸರು ಯಾಕೆ? ಲ್ಯಾಟಿನ್ ಭಾಷೆಯಲ್ಲಿ ‘ಕ್ಯಾಲ್ಕುಲಸ್’ ಎಂದರೆ ಸಣ್ಣ ಕಲ್ಲು, ಹರಳು. ರೋಮನ್ನರು ಹರಳುಗಳನ್ನು ಇಟ್ಟುಕೊಂಡು ಲೆಕ್ಕ ಮಾಡುತ್ತಿದ್ದರು. ಅಲ್ಲಿಂದ ‘ಕ್ಯಾಲ್ಕುಲೇಟ್’ ಬಂತು, ನಮ್ಮನ್ನು ಕಾಡುವ ಗಣಿತವೂ ಬಂತು. ವೈದ್ಯರು ಕಿಡ್ನಿಯ ಕಲ್ಲನ್ನು ಕ್ಯಾಲ್ಕುಲಸ್ ಎಂದಾಗ ಅವರು ಹೇಳುತ್ತಿರುವುದೂ ‘ಕಲ್ಲು’ ಎಂದೇ. ನಮ್ಮೂರಿನ ಯಾವುದೇ ಅಜ್ಜಿ ‘ಕಿಡ್ನೀಲಿ ಕಲ್ಲಾಗೈತೆ’ ಎನ್ನುತ್ತಾರೆ. ಇಬ್ಬರೂ ಹೇಳಿದ್ದು ಒಂದೇ ಮಾತು. ಆದರೆ ಒಂದನ್ನು ಕೇಳಿದರೆ ವಿಜ್ಞಾನ ಅನ್ನಿಸುತ್ತದೆ, ಇನ್ನೊಂದನ್ನು ಕೇಳಿದರೆ ಹಳ್ಳಿ ಮಾತು ಅನ್ನಿಸುತ್ತದೆ. ನನ್ನ ತಕರಾರು ಇರುವುದು ಈ ‘ಅನ್ನಿಸುವಿಕೆ’ಯ ಬಗ್ಗೆ.

ಆ ದಿನದಿಂದ ದೇಹದ ಭಾಗಗಳ ಹೆಸರುಗಳನ್ನು ಹುಡುಕುವ ಚಟ ಹತ್ತಿದೆ. ‘ಮಸಲ್’ ಎಂಬ ಪದ ಲ್ಯಾಟಿನ್‌ನ ‘ಮುಸ್ಕುಲುಸ್’ನಿಂದ ಬಂದದ್ದು. ಅದರ ಅರ್ಥ ಪುಟ್ಟ ಇಲಿ! ತೋಳು ಮಡಚಿ ಬಿಗಿ ಮಾಡಿ ನೋಡಿ, ಚರ್ಮದ ಕೆಳಗೆ ಇಲಿ ಓಡಿದ ಹಾಗೆ ಕಾಣುತ್ತದೆ. ಜಿಮ್‌ನಲ್ಲಿ ಕನ್ನಡಿ ಮುಂದೆ ನಿಂತು ಮಸಲ್ ತೋರಿಸುವ ಗೆಳೆಯರಿಗೆ ಇದನ್ನು ಹೇಳಿದರೆ ಸಿಟ್ಟು ಬರುತ್ತದೆ, ಅನುಭವದಿಂದ ಹೇಳುತ್ತಿದ್ದೇನೆ. ಈಗ ಕನ್ನಡಕ್ಕೆ ಬನ್ನಿ. ಮೊಣಕಾಲಿನ ಕೆಳಗೆ, ಕಾಲಿನ ಹಿಂಭಾಗದಲ್ಲಿ ಉಬ್ಬಿಕೊಂಡಿರುವ ಸ್ನಾಯುವಿಗೆ ನಮ್ಮಲ್ಲಿ ‘ಮೀನಖಂಡ’ ಎನ್ನುತ್ತಾರೆ. ತುದಿಗಾಲಲ್ಲಿ ನಿಂತು ಹಿಂದೆ ತಿರುಗಿ ನೋಡಿದರೆ ಹೊಟ್ಟೆ ದಪ್ಪ, ಬಾಲ ಸಣ್ಣ ಇರುವ ಮೀನೇ ಅಲ್ಲಿರುತ್ತದೆ. ರೋಮನ್ನರ ಕಣ್ಣಿಗೆ ಇಲಿ ಕಂಡಿತು, ನಮ್ಮವರ ಕಣ್ಣಿಗೆ ಮೀನು ಕಂಡಿತು.

ಕಣ್ಣಿನ ಕಥೆ ಇನ್ನೂ ಚೆಂದ. ಕಣ್ಣಿನ ಕಪ್ಪು ನಡುಭಾಗಕ್ಕೆ ಇಂಗ್ಲಿಷ್‌ನಲ್ಲಿ ‘ಪ್ಯೂಪಿಲ್’. ಮೂಲ ಲ್ಯಾಟಿನ್‌ನಲ್ಲಿ ಅದಕ್ಕೆ ಪುಟ್ಟ ಹುಡುಗಿ, ಪುಟ್ಟ ಗೊಂಬೆ ಎಂಬ ಅರ್ಥವಿದೆ. ಎದುರಿಗಿರುವವರ ಕಣ್ಣನ್ನು ಹತ್ತಿರದಿಂದ ನೋಡಿದರೆ ಅದರೊಳಗೆ ನಮ್ಮದೇ ಚಿಕ್ಕ ಪ್ರತಿಬಿಂಬ ಗೊಂಬೆಯ ಹಾಗೆ ಕಾಣುತ್ತದಲ್ಲ, ಅದಕ್ಕೇ ಆ ಹೆಸರು. ಕನ್ನಡದಲ್ಲಿ ಅದು ‘ಕಣ್ಣಪಾಪೆ’. ಪಾಪೆ ಎಂದರೂ ಗೊಂಬೆಯೇ. ತಮಿಳಿನ ‘ಪಾವೈ’ಗೂ ಗೊಂಬೆ ಮತ್ತು ಕಣ್ಣಪಾಪೆ ಎರಡೂ ಅರ್ಥಗಳಿವೆ. ಮಂಡಿಯ ಮೇಲಿನ ಮೂಳೆಯ ಹೆಸರು ‘ಪಟೆಲಾ’, ಅಂದರೆ ಸಣ್ಣ ತಟ್ಟೆ. ನಾವು ‘ಮಂಡಿಚಿಪ್ಪು’ ಎನ್ನುತ್ತೇವೆ. ತೆಂಗಿನ ಸೀಮೆಯಲ್ಲಿ ಹುಟ್ಟಿದ ನನಗೆ ಚಿಪ್ಪಿಗಿಂತ ಒಳ್ಳೆಯ ಹೆಸರು ಹೊಳೆಯುವುದಿಲ್ಲ. ಮೊಣಕಾಲಿನ ಕೆಳಗಿನ ಉದ್ದ ಮೂಳೆ ‘ಟಿಬಿಯಾ’, ಅಂದರೆ ಕೊಳಲು. ಮಟನ್ ಅಂಗಡಿಯಲ್ಲಿ ‘ನಲ್ಲಿ ಮೂಳೆ ಹಾಕಿ’ ಎಂದು ಕೇಳುತ್ತೇವಲ್ಲ, ಅಲ್ಲಿರುವುದೂ ಕೊಳವೆಯೇ. ಒಣಗಿದ ಸೋರೆಕಾಯಿಯೂ ಬುರುಡೆ, ನಮ್ಮ ತಲೆಯೂ ಬುರುಡೆ. (ಪರೀಕ್ಷೆಯಲ್ಲಿ ಬಿಡುವುದೂ ಬುರುಡೆಯೇ, ಅದು ಬೇರೆ ವಿಷಯ.)

ಇಲ್ಲಿ ಒಂದು ಎಚ್ಚರಿಕೆ. ‘ನೋಡಿ, ಲ್ಯಾಟಿನ್ ಕೂಡ ನಮ್ಮಿಂದಲೇ ಹೋದದ್ದು’ ಎಂದು ವಾಟ್ಸ್‌ಆ್ಯಪ್ ಗ್ರೂಪ್‌ಗೆ ಹಾಕಬೇಡಿ. ರೋಮ್‌ನವರಿಗೂ ನಮ್ಮವರಿಗೂ ಇದ್ದದ್ದು ಒಂದೇ ತರಹದ ಕಣ್ಣು, ಒಂದೇ ತರಹದ ಮಂಡಿ. ಇಬ್ಬರೂ ಅದನ್ನು ನೋಡಿ, ಮನೆಯಲ್ಲಿದ್ದ ವಸ್ತುಗಳಿಗೆ ಹೋಲಿಸಿ ಹೆಸರಿಟ್ಟರು, ಅಷ್ಟೆ. ಹಾಗೆಯೇ ಹಳೆಯ ಹೆಸರೆಲ್ಲ ಸರಿ ಎಂದೂ ಇಲ್ಲ. ‘ಮಲೇರಿಯಾ’ ಎಂದರೆ ಇಟಾಲಿಯನ್‌ನಲ್ಲಿ ಕೆಟ್ಟ ಗಾಳಿ. ಗಾಳಿಯದಲ್ಲ, ಸೊಳ್ಳೆಯ ಕೆಲಸ ಎಂಬುದಕ್ಕೆ 1897ರಲ್ಲಿ ಸಿಕಂದರಾಬಾದ್‌ನಲ್ಲಿ ರೊನಾಲ್ಡ್ ರಾಸ್ ಪುರಾವೆ ಕಂಡುಕೊಂಡ ಮೇಲೂ ಹೆಸರು ಬದಲಾಗಲಿಲ್ಲ. ನಮ್ಮ ಮಲೆನಾಡಿನ ‘ಮಂಗನ ಕಾಯಿಲೆ’ಯದೂ ಅದೇ ಪಾಡು. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾಗಿ, ಆ ಊರಿನ ಹೆಸರಿನಲ್ಲೇ ಪ್ರಪಂಚದ ವೈದ್ಯಕೀಯ ಪುಸ್ತಕಗಳಿಗೆ ಹೋದ ಕಾಯಿಲೆ ಅದು. ಅದನ್ನು ಮನುಷ್ಯರಿಗೂ ಮಂಗಗಳಿಗೂ ದಾಟಿಸುವುದು ಉಣ್ಣೆ ಎಂಬ ಹುಳ. ಪಾಪ, ಮಂಗವೂ ಸಾಯುತ್ತದೆ, ಮೇಲೆ ಕೆಟ್ಟ ಹೆಸರು ಬೇರೆ.

ನಮ್ಮ ಕಡೆ ಡ್ರಿಪ್ ಹಾಕುವಾಗ ‘ನರ ಸಿಗ್ತಿಲ್ಲ’ ಎನ್ನುತ್ತಾರೆ. ಅವರು ಹುಡುಕುತ್ತಿರುವುದು ರಕ್ತನಾಳವನ್ನು. ಕಾಲು ಉಳುಕಿದರೂ ‘ನರ ಹಿಡ್ಕೊಂಡೈತೆ’. ಇದನ್ನು ಕೇಳಿ ವಿಜ್ಞಾನ ಓದಿದ ನಾವು ನಗುತ್ತೇವೆ. ಗ್ರೀಕ್‌ನ ‘ನ್ಯೂರಾನ್’ ಪದವನ್ನು ತೆಗೆದು ನೋಡಿದರೆ ಅದರ ಹಳೆಯ ಅರ್ಥ ಸ್ನಾಯುರಜ್ಜು, ಬಿಲ್ಲಿನ ಹೆದೆ ಎಂದಿದೆ. ಮೂಳೆಗೆ ಕಟ್ಟಿದ ಬಿಳಿ ಹುರಿಗೂ ಸಂವೇದನೆ ಒಯ್ಯುವ ನರಕ್ಕೂ ಅವರಲ್ಲೂ ಒಂದೇ ಪದವಿತ್ತು. ಕ್ರಿ.ಪೂ. 3ನೇ ಶತಮಾನದಲ್ಲಿ ಅಲೆಕ್ಸಾಂಡ್ರಿಯಾದಲ್ಲಿ ಹೀರೋಫಿಲಸ್‌ನಂಥವರು ದೇಹ ಕೊಯ್ದು ನೋಡಿ ಎರಡನ್ನೂ ಬೇರ್ಪಡಿಸಿದರು. ಜ್ಞಾನ ಬೆಳೆದಂತೆ ಹಳೆಯ ಪದಕ್ಕೇ ಹೊಸ ಅರ್ಥ ತುಂಬಿದರೇ ಹೊರತು ಪದವನ್ನು ನಾಚಿಕೆಯಿಂದ ಎಸೆಯಲಿಲ್ಲ. ನಾವು ಎಸೆಯುತ್ತಿದ್ದೇವೆ.

ಎಸೆದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ಮನೆಯಲ್ಲೇ ಉದಾಹರಣೆ ಇದೆ.

ನಮ್ಮಜ್ಜಿ ತಿಪಟೂರು ಕಡೆಯ ಹಳ್ಳಿಯವರು. ಹದಿನೈದು ವರ್ಷಗಳಿಂದ ಸಕ್ಕರೆ ಕಾಯಿಲೆ ಇದೆ. ಎರಡು ವರ್ಷಗಳ ಹಿಂದೆ, ‘ಅಂಗಾಲು ಜೋಮು ಹಿಡೀತದೆ ಕಣಪ್ಪ, ಅರಳೆ ಮೇಲೆ ಕಾಲಿಟ್ಟಂಗಾಯ್ತದೆ, ರಾತ್ರಿ ಹೊತ್ತು ಇರುವೆ ಹರ್ದಂಗಾಯ್ತದೆ’ ಎಂದು ಹೇಳತೊಡಗಿದರು. ಮಾವ ಅವರನ್ನು ನಗರದ ಒಂದು ಆಸ್ಪತ್ರೆಗೆ ಕರೆದುಕೊಂಡು ಹೋದರು. ಅಲ್ಲಿದ್ದ ಯುವ ವೈದ್ಯರಿಗೆ ಕನ್ನಡ ಅಷ್ಟಾಗಿ ಬರುತ್ತಿರಲಿಲ್ಲ. ಮಾವ ಅಜ್ಜಿಯ ಮೂರು ವಾಕ್ಯಗಳನ್ನು ಎರಡು ಪದಗಳಲ್ಲಿ ಮುಗಿಸಿದರು: ‘ಲೆಗ್ ಪೇನ್’. ವೈದ್ಯರು ನೋವಿನ ಮಾತ್ರೆ ಬರೆದರು. ಎರಡು ತಿಂಗಳು ಅಜ್ಜಿ ಇಲ್ಲದ ನೋವಿಗೆ ಮಾತ್ರೆ ನುಂಗಿದರು. ಅಷ್ಟರಲ್ಲಿ ಅಂಗಾಲಿಗೆ ಚುಚ್ಚಿದ ಮುಳ್ಳು ಅವರಿಗೆ ಗೊತ್ತೇ ಆಗದೆ ಹುಣ್ಣಾಗಿತ್ತು. ಗಾಯಕ್ಕೆ ಪಟ್ಟಿ ಕಟ್ಟಿಸಲು ಹೋದ ಇನ್ನೊಂದು ಕಡೆ ಕನ್ನಡದ ವೈದ್ಯೆಯೊಬ್ಬರು ನೇರವಾಗಿ ಅಜ್ಜಿಯನ್ನೇ ಕೇಳಿದರು. ‘ಅರಳೆ’ ಎಂಬ ಮಾತು ಕಿವಿಗೆ ಬಿದ್ದ ತಕ್ಷಣ ಅವರು ಎದ್ದು, 10 ಗ್ರಾಂ ಒತ್ತಡಕ್ಕೆ ಬಾಗುವ ನೈಲಾನ್ ಎಳೆಯಿಂದ ಪಾದವನ್ನು ಅಲ್ಲಲ್ಲಿ ಮುಟ್ಟಿ ನೋಡಿದರು. ಆಮೇಲೆ ಪಿಯುಸಿ ಲ್ಯಾಬ್‌ನಲ್ಲಿ ನಾವು ಬಳಸಿದಂಥ ಟ್ಯೂನಿಂಗ್ ಫೋರ್ಕ್ ಒಂದನ್ನು, 128 ಹರ್ಟ್ಸ್‌ನದು, ಬಡಿದು ಹೆಬ್ಬೆರಳಿಗೆ ಇಟ್ಟರು. ಅಜ್ಜಿಗೆ ಎರಡೂ ತಿಳಿಯಲಿಲ್ಲ.

ವರ್ಷಗಟ್ಟಲೆ ಸಕ್ಕರೆ ಹೆಚ್ಚಿದ್ದರೆ ನರಗಳು ಹಾಳಾಗುತ್ತವೆ. ಅತಿ ಉದ್ದದ ನರಗಳಿಗೆ ಮೊದಲ ಪೆಟ್ಟು, ಹಾಗಾಗಿ ಪಾದದಿಂದ ಶುರು. ಪಾದದ ಸ್ಪರ್ಶ ಹೋದರೆ ಗಾಯ ತಿಳಿಯುವುದಿಲ್ಲ, ತಿಳಿಯದ ಗಾಯ ಕೊಳೆತರೆ ಬೆರಳೋ ಕಾಲೋ ಹೋಗುತ್ತದೆ. ಹತ್ತಿಯ ಮೇಲೆ ನಡೆದಂತೆ ಆಗುವುದು ಈ ತೊಂದರೆಯ ಪ್ರಸಿದ್ಧ ಲಕ್ಷಣ. ಇರುವೆ ಹರಿದಂತಾಗುವುದಕ್ಕೆ ವೈದ್ಯಕೀಯದಲ್ಲಿ ಹೆಸರೇ ಇದೆ, ‘ಫಾರ್ಮಿಕೇಷನ್’. ‘ಫಾರ್ಮಿಕಾ’ ಎಂದರೆ ಲ್ಯಾಟಿನ್‌ನಲ್ಲಿ ಇರುವೆ! ಶಾಲೆಯ ಮುಖ ನೋಡದ ನಮ್ಮಜ್ಜಿ ಪಠ್ಯಪುಸ್ತಕದ ಭಾಷೆಯಲ್ಲೇ ಕಾಯಿಲೆಯನ್ನು ವಿವರಿಸಿದ್ದರು. ಅದು ಕಳೆದುಹೋದದ್ದು ಮಧ್ಯದಲ್ಲಿದ್ದ, ಡಿಗ್ರಿ ಓದಿದ, ‘ಪೇನ್’ ಎಂಬ ಒಂದೇ ಪದವಿರುವ ತಲೆಮಾರಿನಲ್ಲಿ. ಮಾವನನ್ನು ದೂರಿ ಪ್ರಯೋಜನವಿಲ್ಲ. ನನ್ನ ಕ್ಲಾಸಿನ 60 ಮಂದಿಯಲ್ಲಿ ಬಹುತೇಕರು ತಮ್ಮ ಅಜ್ಜಿಯ ಮಾತನ್ನು ಹಾಗೆಯೇ ದಾಟಿಸಿರುತ್ತಿದ್ದರು.

ನೋವನ್ನು ಹೇಳುವ ಪದಗಳು ಎಷ್ಟು ಮುಖ್ಯ ಎಂಬುದು ವೈದ್ಯಲೋಕಕ್ಕೆ ಗೊತ್ತಿದೆ. ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದ ರೊನಾಲ್ಡ್ ಮೆಲ್ಜಾಕ್ 1975ರಲ್ಲಿ ನೋವಿನ ಪ್ರಶ್ನಾವಳಿಯೊಂದನ್ನು ಪ್ರಕಟಿಸಿದರು. ಅದರಲ್ಲಿ 20 ಗುಂಪುಗಳಲ್ಲಿ 78 ಪದಗಳಿವೆ: ಚುಚ್ಚುವ, ಸುಡುವ, ಮಿಡಿಯುವ, ಹಿಂಡುವ ಎಂಬಂಥವು. ರೋಗಿ ಆರಿಸಿಕೊಂಡ ಪದಗಳಿಂದಲೇ ನೋವಿನ ಸ್ವರೂಪವನ್ನು ಅಳೆಯುವ ಪ್ರಯತ್ನ ಅದು. ಕನ್ನಡದಲ್ಲಿ ಅಂಥ ಪಟ್ಟಿ ಮಾಡಲು ವಿಶ್ವವಿದ್ಯಾಲಯವೂ ಬೇಡ, ಜಗಲಿ ಸಾಕು. ತಲೆ ಸಿಡಿಯುತ್ತದೆ, ಹೊಟ್ಟೆ ನುಲಿಯುತ್ತದೆ, ಕರುಳು ಕಿವುಚುತ್ತದೆ, ಎದೆ ಹಿಂಡುತ್ತದೆ, ಕಾಲು ಸೆಳೆಯುತ್ತದೆ, ಕಣ್ಣು ಉರಿಯುತ್ತದೆ, ಹಲ್ಲು ಜುಮ್ಮೆನ್ನುತ್ತದೆ, ಕತ್ತು ಉಳುಕುತ್ತದೆ. ವಿಜಯಪುರದ ಗೆಳೆಯನಿಗೆ ಇವೆಲ್ಲದರ ಮೇಲೆ ‘ಬ್ಯಾನಿ’ ಬೇರೆ ಇದೆ. ಎದೆ ‘ಉರಿಯುವುದಕ್ಕೂ’ ಎದೆ ‘ಹಿಂಡುವುದಕ್ಕೂ’ ಇರುವ ವ್ಯತ್ಯಾಸ ಬರೀ ಸಾಹಿತ್ಯದ್ದಲ್ಲ. ಎರಡೂ ‘ಚೆಸ್ಟ್ ಪೇನ್’ ಆಗಿಬಿಟ್ಟರೆ, ವೈದ್ಯರ ಕೈಗೆ ಸಿಗಬಹುದಾಗಿದ್ದ ಮೊದಲ ಸುಳಿವನ್ನು ನಾವೇ ಅಳಿಸಿದ ಹಾಗೆ.

‘ಮೀನಖಂಡ ಅಂದ್ರೆ ಏನು ಅಂತ ಗೊತ್ತಿದ್ರೆ ಪ್ಲೇಸ್‌ಮೆಂಟ್ ಆಗುತ್ತಾ?’ ಎಂದು ಗೆಳೆಯನೊಬ್ಬ ಕೇಳಿದ. ನ್ಯಾಯವಾದ ಪ್ರಶ್ನೆ. ಕೆಲಸ ಹುಡುಕುವ ವಯಸ್ಸಿನಲ್ಲಿ ನಿಘಂಟು ಹಿಡಿದು ಕೂರಲು ಯಾರಿಗೂ ಪುರುಸೊತ್ತಿಲ್ಲ. ಆದರೆ ನಮ್ಮ ಸೀನಿಯರ್‌ಗಳ ತಂಡವೊಂದು ಫೈನಲ್ ಇಯರ್ ಪ್ರಾಜೆಕ್ಟ್‌ಗೆ ಗ್ರಾಮೀಣ ಆರೋಗ್ಯದ ಕನ್ನಡ ಚಾಟ್‌ಬಾಟ್ ಮಾಡಿತು. ಕೋಡ್ ಚೆನ್ನಾಗಿತ್ತು. ಲಕ್ಷಣಗಳ ಪಟ್ಟಿಯನ್ನು ಮಾತ್ರ ಇಂಗ್ಲಿಷ್‌ನಿಂದ ಯಂತ್ರಾನುವಾದ ಮಾಡಿ ಹಾಕಿದ್ದರು. ಅದರಲ್ಲಿ ‘ಮರಗಟ್ಟುವಿಕೆ’ ಇತ್ತು, ‘ಜೋಮು’ ಇರಲಿಲ್ಲ. ‘ಜೋಮು’ ಎಂದು ಟೈಪ್ ಮಾಡಿದರೆ ‘ಕ್ಷಮಿಸಿ, ಅರ್ಥವಾಗಲಿಲ್ಲ’ ಎಂದು ಬರುತ್ತಿತ್ತು. ಯಾರಿಗಾಗಿ ಮಾಡಿದರೋ ಅವರ ಮಾತೇ ಅದಕ್ಕೆ ತಿಳಿಯದು. ಮುಂದೆ ಕನ್ನಡದಲ್ಲಿ ಮಾತಾಡುವ ಯಂತ್ರಗಳನ್ನು ಮಾಡುವವರು ನಾವೇ ತಾನೆ? ಪ್ರಾಜೆಕ್ಟ್ ಶುರು ಮಾಡುವ ಮೊದಲು ಒಂದು ದಿನ ಪ್ರಾಥಮಿಕ ಆರೋಗ್ಯ ಕೇಂದ್ರದ ಸಾಲಿನಲ್ಲಿ ಕೂತು, ಒಪ್ಪಿಗೆ ಕೇಳಿ, ಜನ ತಮ್ಮ ಮೈಯ ಬಗ್ಗೆ ಹೇಗೆ ಮಾತಾಡುತ್ತಾರೆ ಎಂದು ಬರೆದುಕೊಂಡಿದ್ದರೆ ಸಾಕಿತ್ತು. ಅದಕ್ಕೆ ಬಸ್ ಚಾರ್ಜ್ ಬಿಟ್ಟರೆ ಖರ್ಚಿಲ್ಲ.

ನಾನು ಕನ್ನಡದ ಶುದ್ಧಿ ಚಳವಳಿಗೆ ಜನ ಸೇರಿಸುತ್ತಿಲ್ಲ. ಕಿಡ್ನಿಯನ್ನು ಮೂತ್ರಪಿಂಡ ಎಂದೇ ಹೇಳಬೇಕು ಎಂಬ ಹಟ ನನಗಿಲ್ಲ. ಕಿಡ್ನಿ ನಮ್ಮಜ್ಜಿಗೂ ಗೊತ್ತು, ಮೂತ್ರಪಿಂಡ ಗೊತ್ತಿಲ್ಲ. ನಾನು ಕೇಳುತ್ತಿರುವುದು ಜನರ ಬಾಯಲ್ಲಿ ಈಗಲೂ ಬದುಕಿರುವ ಪದಗಳ ಬಗ್ಗೆ ಮಾತ್ರ. ವಿಟಿಯು ಕಾಲೇಜುಗಳಲ್ಲಿ ಹೊರರಾಜ್ಯದ ವಿದ್ಯಾರ್ಥಿಗಳಿಗೆ ‘ಬಳಕೆ ಕನ್ನಡ’ ಎಂಬ ಪೇಪರ್ ಇದೆ. ನಮಗೆ ‘ಸಾಂಸ್ಕೃತಿಕ ಕನ್ನಡ’. ಎರಡರಲ್ಲೂ ನಾಲ್ಕು ಪುಟ ಮೈಯ ಮಾತಿಗೆ ಕೊಡಬಹುದು. ಎಂಬಿಬಿಎಸ್‌ನ ಆರಂಭದ ಫೌಂಡೇಷನ್ ಕೋರ್ಸ್‌ನಲ್ಲಿಯೂ ಸ್ಥಳೀಯ ಭಾಷೆ ಕಲಿಸಲು ಅವಕಾಶವಿದೆ. ಅಲ್ಲಿ ‘ನಿಮ್ಮ ಹೆಸರೇನು’ ಮುಗಿದ ತಕ್ಷಣ ‘ಜೋಮು’, ‘ಸೆಳೆತ’, ‘ಉರಿ’ ಬರಬೇಕು. ಇದಕ್ಕೆ ಸಮಿತಿ ಬೇಕಿಲ್ಲ, ಮೇಷ್ಟ್ರೊಬ್ಬರು ಮನಸ್ಸು ಮಾಡಿದರೆ ಆಗುತ್ತದೆ.

ಅಲ್ಲಿಯವರೆಗೆ ನಾವು ಹಾಸ್ಟೆಲ್‌ನಲ್ಲಿ ಒಂದು ನೋಟ್‌ಬುಕ್ ಇಟ್ಟಿದ್ದೇವೆ. ಊರಿಗೆ ಹೋಗಿ ಬಂದವರು ಮನೆಯ ಹಿರಿಯರಿಂದ ಕೇಳಿದ ಪದವನ್ನು ಊರಿನ ಹೆಸರಿನ ಜೊತೆ ಅದರಲ್ಲಿ ಬರೆಯಬೇಕು. 63 ಪದಗಳಾಗಿವೆ. ಒಂದಕ್ಕೆ ಮಾತ್ರ ಇನ್ನೂ ಯಾರಿಂದಲೂ ಹೆಸರು ಸಿಕ್ಕಿಲ್ಲ. ಮೊಣಕೈ ಬೆಂಚಿನ ಅಂಚಿಗೆ ಬಡಿದಾಗ ಕಿರುಬೆರಳಿನ ತನಕ ಕರೆಂಟ್ ಹೊಡೆಯುತ್ತದಲ್ಲ, ಆ ಜಾಗ. ಇಂಗ್ಲಿಷ್‌ನವರು ಅದನ್ನು ‘ಫನ್ನಿ ಬೋನ್’ ಎನ್ನುತ್ತಾರೆ, ನಿಜಕ್ಕೂ ಅಲ್ಲಿ ಪೆಟ್ಟಾಗುವುದು ಮೂಳೆಗಲ್ಲ, ನರಕ್ಕೆ. ನಿಮ್ಮೂರಿನಲ್ಲಿ ಅದಕ್ಕೆ ಏನಂತಾರೆ?