ಹಸಿರುಗಟ್ಟಿದ ಬೆರಳುಗಳು

ಪತ್ತೇದಾರಿ ಕಥನವನ್ನು ಕೀಳೆಂದು ಬದಿಗಿಡುವ ಐಚ್ಛಿಕ ಕನ್ನಡದ ಮಿತ್ರರು 1960ರ ‘ಹೆಲ್ ಈಸ್ ಎ ಸಿಟಿ’ ಎಂಬ ಬ್ರಿಟಿಷ್ ಚಿತ್ರವನ್ನೊಮ್ಮೆ ನೋಡಬೇಕು. ಹ್ಯಾಮರ್ ಸಂಸ್ಥೆಯ ಈ ಮಿತವ್ಯಯದ ಕಪ್ಪು-ಬಿಳುಪು ಚಿತ್ರವನ್ನು ವಾಲ್ ಗೆಸ್ಟ್ ಮ್ಯಾಂಚೆಸ್ಟರಿನ ಬೀದಿಗಳಲ್ಲೇ ಚಿತ್ರೀಕರಿಸಿದರು. ಮೂಲ ಕಾದಂಬರಿಕಾರ ಮಾರಿಸ್ ಪ್ರಾಕ್ಟರ್ ಪೊಲೀಸರಾಗಿದ್ದವರು; ಅದರಿಂದಲೋ ಏನೋ, ಇಲ್ಲಿ ಶೋಧವೆಂದರೆ ಪವಾಡಬುದ್ಧಿಯಲ್ಲ, ಅಲೆದಾಟ. ದರೋಡೆಯಲ್ಲಿ ಗುಮಾಸ್ತೆ ಹುಡುಗಿಯೊಬ್ಬಳ ಕೊಲೆಯಾಗುತ್ತದೆ. ಕದ್ದ ಹಣದೊಡನೆ ಅಂಟಿದ ಬಣ್ಣ ಕಳ್ಳರ ಬೆರಳುಗಳನ್ನು ಹಸಿರಾಗಿಸುತ್ತದೆ. ಇನ್ಸ್‌ಪೆಕ್ಟರ್ ಮಾರ್ಟಿನೋ ಆ ಬೆರಳುಗಳ ಜಾಡು ಹಿಡಿಯುತ್ತಾನೆ. (ಸ್ವಂತ ಸಂಸಾರದಲ್ಲಿ ಮಾತ್ರ ಅವನು ಸೋತವನು.) ಕೊನೆಗೆ ಹಂತಕನಿಗೆ ಗಲ್ಲು, ಗೆದ್ದ ಹಿಗ್ಗು ಮಾರ್ಟಿನೋನಲ್ಲಿಲ್ಲ. 1965ರಲ್ಲಿ ಬ್ರಿಟನ್ ಕೊಲೆಗೆ ಮರಣದಂಡನೆಯನ್ನು ತಡೆಹಿಡಿಯಿತು. ಚಿತ್ರದಿಂದಲೇ ಹಾಗಾಯಿತೆನ್ನಲಾರೆ. ಆದರೆ ಆ ಬಳಲಿದ ಮುಖವನ್ನು ಕಂಡ ಮೇಲೆ, ಇಂಥ ಕಥನಕ್ಕೆ ತರಗತಿಯಲ್ಲಿ ಎಡೆಯಿಲ್ಲವೆಂಬ ವಾದವನ್ನು ನಾನಂತೂ ಒಪ್ಪೆನು.