ಟೋಕಿಯೋದ ಗೋಡೆಯ ಮೇಲೊಂದು ಅಕ್ಷರಮಾಲೆ

ಸುವರ್ಣ ಮಹೋತ್ಸವದ ಈ ಸಂಚಿಕೆಗೆ ಶಾಲೆಯ ಹಳೆಯ ನೆನಪುಗಳನ್ನು ಬರೆದುಕೊಡಬೇಕೆಂದು ಸಂಪಾದಕ ಮಿತ್ರರು ಕೇಳಿದರು. ನೆನಪುಗಳನ್ನು ನನಗಿಂತ ಚೆನ್ನಾಗಿ ಬರೆಯಬಲ್ಲವರಿದ್ದಾರೆ. ಮೂವತ್ತು ವರ್ಷ ಇಲ್ಲಿ ಕನ್ನಡ ಕಲಿಸಿದ ನನಗೆ ಹೇಳಬೇಕಾದ ಮಾತೊಂದು ಬೇರೆಯಿದೆ. ಅದು ಹೊಳೆದದ್ದು ಕಾಸರಗೋಡಿನಲ್ಲಲ್ಲ, ಜಪಾನಿನಲ್ಲಿ.

ಮಗಳು, ಅಳಿಯ ಟೋಕಿಯೋದಲ್ಲಿ ನೆಲೆಸಿದ್ದಾರೆ. ಅವರನ್ನು ಕಾಣಲು ನಾನೂ ನನ್ನ ಪತ್ನಿಯೂ ಹೊರಟೆವು. ಬೆಂಗಳೂರಿನಿಂದ ಅಲ್ಲಿಯ ನರಿಟಾ ನಿಲ್ದಾಣಕ್ಕೆ 2021ರಲ್ಲಿ ನೇರ ವಿಮಾನ ಸಂಚಾರ ಆರಂಭವಾಯಿತು. ಘಟ್ಟ ಹತ್ತಿ ಬೆಂಗಳೂರು ತಲುಪಲು ಬಸ್ಸಿನಲ್ಲಿ ಒಂದಿಡೀ ರಾತ್ರಿ ಬೇಕಾಯಿತು. ಕಡಲು ದಾಟಿ ಜಪಾನು ಸೇರುವುದಕ್ಕೂ ಹೆಚ್ಚುಕಡಿಮೆ ಅಷ್ಟೇ ಹೊತ್ತು. ಗಡಿಯಾರವನ್ನು ಮೂರೂವರೆ ಗಂಟೆ ಮುಂದಕ್ಕೆ ತಿರುಗಿಸಿ ಹೊರಗೆ ಬಂದಾಗ ಮೊಮ್ಮಗಳು "ಒಜೀಚಾನ್" ಎಂದು ಓಡಿ ಬಂದಳು. ಅಜ್ಜ ಎಂಬುದಕ್ಕೆ ಅಲ್ಲಿಯ ಮಾತು. ನನ್ನ ಪತ್ನಿ "ಬಾ ಮಗಾ, ಉಂಡೆಯಾ?" ಎಂದರೆ ಮಗು ತಾಯಿಯ ಮುಖ ನೋಡಿತು. ಅಷ್ಟು ದೂರದ ಪ್ರಯಾಣದಲ್ಲಿ ಆಗದ ಆಯಾಸ ನನಗೆ ಆ ಒಂದು ಕ್ಷಣದಲ್ಲಿ ಆಯಿತು.

ರಾತ್ರಿ ಮಗಳನ್ನು ಕೇಳಿದೆ. "ಇಲ್ಲಿ ಅವಳಿಗೆ ಕನ್ನಡದಿಂದ ಏನು ಪ್ರಯೋಜನ ಅಪ್ಪಾ?" ಎಂದಳು. ನಾನು ಉತ್ತರಿಸಲಾರದೆ ಹೋದೆ. ಏಕೆಂದರೆ ಈ ಮಾತು ನನ್ನದೇ. ಆಕೆ ನಾಲ್ಕನೆಯ ತರಗತಿ ಮುಗಿಸಿದಾಗ, ಊರವರ ಮಕ್ಕಳಿಗೆ ಕನ್ನಡ ಕಲಿಸುತ್ತಿದ್ದ ನಾನೇ, "ಕೇರಳದಲ್ಲಿ ಕನ್ನಡ ಮಾಧ್ಯಮದಿಂದ ಏನು ಪ್ರಯೋಜನ?" ಎಂದು ಅವಳನ್ನು ಇಂಗ್ಲಿಷ್ ಶಾಲೆಗೆ ಸೇರಿಸಿದ್ದೆ. ಇದನ್ನು ಈ ಸಂಚಿಕೆಯಲ್ಲಲ್ಲದೆ ಇನ್ನೆಲ್ಲಿ ಒಪ್ಪಿಕೊಳ್ಳಲಿ?

ಮರುದಿನ ಮಗುವಿನ ಕೋಣೆಯ ಗೋಡೆಯಲ್ಲಿ ಜಪಾನೀ ಅಕ್ಷರಗಳ ಪಟವೊಂದನ್ನು ಕಂಡೆ. ಓದಿಸಿದೆ. ಅ, ಇ, ಉ, ಎ, ಒ. ಬಳಿಕ ಕ, ಸ, ತ, ನ, ಹ, ಮ, ಯ, ರ, ವ. ನಾನು ಬೆರಗಾದೆ. ಬೌದ್ಧ ಭಿಕ್ಷುಗಳ ಸಂಸ್ಕೃತಾಭ್ಯಾಸದ ಮೂಲಕ ನಮ್ಮ ವರ್ಣಮಾಲೆಯ ಕ್ರಮವೇ ಅಲ್ಲಿಗೆ ಹೋಗಿದೆ. 'ನ' ಮತ್ತು 'ಮ'ಗಳ ನಡುವೆ 'ಹ' ಏಕೆ? ಅದು ಹಿಂದೆ 'ಪ'ವಾಗಿತ್ತು. ಹಳಗನ್ನಡದ 'ಪಾಲ್' ನಮ್ಮ ಬಾಯಲ್ಲಿ 'ಹಾಲು' ಆದಂತೆಯೇ! ನೆರೆಮನೆಯ ಮಲಯಾಳಿಗಳು ಇಂದಿಗೂ 'ಪಾಲ್' ಎನ್ನುವುದನ್ನು ಕೇಳುತ್ತಾ ಬೆಳೆದ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆ ಪಟದ ಪಕ್ಕದಲ್ಲೇ ಕುಳಿತು ಮೊಮ್ಮಗಳಿಗೆ 'ಅ' ಬರೆಯಿಸಿದೆ. ಆಕೆಗೆ ಅರ್ಧ ದಾರಿ ಆಗಲೇ ಗೊತ್ತಿತ್ತು.

ವಿದೇಶಕ್ಕೆ ಹೋದ ಮಕ್ಕಳು ಕನ್ನಡ ಮರೆತರೆಂದು ವೇದಿಕೆಗಳಲ್ಲಿ ಬೈಯುವುದು ನಮಗೆ ರೂಢಿಯಾಗಿದೆ. ಅದು ನ್ಯಾಯವಲ್ಲವೆಂದು ನನ್ನ ಅಭಿಪ್ರಾಯ. ಅನೇಕ ಮನೆಗಳಲ್ಲಿ ಎಳೆ ಕಡಿದದ್ದು ವಿಮಾನ ಹತ್ತುವುದಕ್ಕೆ ಬಹಳ ಮೊದಲೇ, ನಮ್ಮ ಕೈಯಲ್ಲೇ. ಮೇಲಾಗಿ, 1956ರಿಂದ ಆಡಳಿತದ ಭಾಷೆ ಒಂದು, ಮನೆಯ ಭಾಷೆ ಇನ್ನೊಂದು ಎಂದು ಬಾಳಿದವರು ನಾವು. ಟೋಕಿಯೋದ ಆ ಮಗುವಿನ ಸ್ಥಿತಿಯನ್ನು ನಮಗಿಂತ ಚೆನ್ನಾಗಿ ಬಲ್ಲವರು ಯಾರು? ಮಗುವಿನ ತಲೆಗೆ ಎರಡು ಭಾಷೆ ಭಾರವೆನ್ನುವವರು ಮಂಜೇಶ್ವರದ ಗೋವಿಂದ ಪೈಗಳನ್ನು ನೆನೆಯಲಿ. ಹಲವು ಭಾಷೆಗಳನ್ನು ಬಲ್ಲ ಅವರು ಜಪಾನಿನ 'ನೋ' ನಾಟಕಗಳನ್ನೂ ಕನ್ನಡಕ್ಕೆ ತಂದರು.

ಆದ್ದರಿಂದ ಮಕ್ಕಳಲ್ಲಿಗೆ ಹೊರಡುವ ಹಿರಿಯರಲ್ಲಿ ನನ್ನ ವಿನಂತಿ ಇಷ್ಟೆ: ಹಪ್ಪಳ, ಉಪ್ಪಿನಕಾಯಿಗಳ ಜೊತೆಗೆ ಒಂದನೆಯ ತರಗತಿಯ ಕನ್ನಡ ಪುಸ್ತಕವನ್ನೂ ಪೆಟ್ಟಿಗೆಯಲ್ಲಿಡಿ. ಹಳೆ ವಿದ್ಯಾರ್ಥಿ ಸಂಘವು ಇಂತಹ ಮಕ್ಕಳಿಗಾಗಿ ವಾರಕ್ಕೊಂದು ದೂರಪಾಠವನ್ನು ನಡೆಸುವುದಾದರೆ ನಿವೃತ್ತರಾದ ನಾವು ಕೆಲವರು ಸಿದ್ಧರಿದ್ದೇವೆ.

ನನ್ನ ತರಗತಿಯಂತೂ ಆರಂಭವಾಗಿದೆ. ಶನಿವಾರ ಇಲ್ಲಿ ಬೆಳಗ್ಗೆ ಏಳೂವರೆ, ಅಲ್ಲಿ ಹನ್ನೊಂದು. ಈಗ ಒತ್ತಕ್ಷರಕ್ಕೆ ಬಂದಿದ್ದೇವೆ. 'ಅಜ್ಜ' ಎಂದು ಬರೆಯುವಾಗ ಜಕಾರದ ಒತ್ತು ಇನ್ನೂ ತಪ್ಪುತ್ತದೆ. ಪರದೆಯ ಅಂಚಿನಲ್ಲಿ ಮಗಳೂ ಕುಳಿತಿರುತ್ತಾಳೆ.