ನಗು ತಡವಾಗಿ ಬರಬಾರದು

ರಂಜಾನ್ ಹಬ್ಬದ ಮರುದಿನ ನಮ್ಮ ಮನೆಯ ಟಿವಿ ಮುಂದೆ ಐದಾರು ಮಕ್ಕಳು ಸುರಕುಂಬಾದ ಬಟ್ಟಲು ಹಿಡಿದು ಕೂತಿದ್ದರು. ನನ್ನ ತಮ್ಮ, ಖಾಲಾನ ಮಕ್ಕಳು ಮತ್ತು ಪಕ್ಕದ ಮನೆಯ ಹುಡುಗ. ಟಿವಿಯಲ್ಲಿ 'ಮಖ್ಖಿ' ಸಿನಿಮಾ ಬರುತ್ತಿತ್ತು. ಎಸ್.ಎಸ್. ರಾಜಮೌಳಿ ಅವರ 'ಈಗ' ಚಿತ್ರದ ಹಿಂದಿ ರೂಪ ಅದು.

ನೊಣ ಹಾರುತ್ತಿದ್ದಾಗ ಎಲ್ಲ ಮಕ್ಕಳೂ ಒಟ್ಟಿಗೆ ನಕ್ಕರು. ಆದರೆ ಸುದೀಪ್ ಮಾತಾಡಿದಾಗ ಹಾಗಾಗಲಿಲ್ಲ. ಮನೆಯಲ್ಲಿ ಉರ್ದು ಆಡುವ ನಮ್ಮ ಮಕ್ಕಳಿಗೆ ಹಿಂದಿ ಥಟ್ಟನೆ ತಿಳಿಯುತ್ತಿತ್ತು, ನಗುತ್ತಿದ್ದರು. ಪಕ್ಕದ ಮನೆಯ ಹುಡುಗ ಮಾತ್ರ ನನ್ನ ತಮ್ಮನ ಕಡೆ ತಿರುಗಿ "ಏನಂದ್ನೋ ಅವ?" ಎಂದು ಕೇಳುತ್ತಿದ್ದ. ತಮ್ಮ ಕನ್ನಡದಲ್ಲಿ ಹೇಳಿದ ಮೇಲೆ ಅವನೂ ನಗುತ್ತಿದ್ದ. ಅಷ್ಟರಲ್ಲಿ ಉಳಿದವರ ನಗು ಮುಗಿದಿರುತ್ತಿತ್ತು. ಕೊನೆಗೆ ಅವನು ನನ್ನನ್ನೇ ಕೇಳಿದ: "ಅಕ್ಕಾ, ಇವ ನಮ್ಮ ಸುದೀಪ ಅಲ್ಲೇನು? ಮತ್ತ ಕನ್ನಡ ಯಾಕ ಮಾತಾಡವಲ್ಲ?"

ಆ ಪ್ರಶ್ನೆಗೆ ಉತ್ತರ ಹುಡುಕುತ್ತ ಈ ಲೇಖನ ಬರೆಯುತ್ತಿದ್ದೇನೆ.

'ಈಗ' ತೆರೆಗೆ ಬಂದದ್ದು 2012ರ ಜುಲೈನಲ್ಲಿ. ಮಗುವೊಂದು ತಂದೆಯ ಬಳಿ ಕಥೆ ಹೇಳು ಎಂದು ಹಟ ಮಾಡುವುದರಿಂದ ಚಿತ್ರ ಶುರುವಾಗುತ್ತದೆ. ಕೊಲೆಯಾದ ನಾಯಕ ನೊಣವಾಗಿ ಹುಟ್ಟಿ ಬಂದು ಕೊಂದವನ ಮೇಲೆ ಸೇಡು ತೀರಿಸಿಕೊಳ್ಳುವ ಕಥೆ ಅದು. ಮನುಷ್ಯರೆಲ್ಲ ನಿಜವಾದ ನಟರು, ನೊಣ ಮಾತ್ರ ಕಂಪ್ಯೂಟರಿನಲ್ಲಿ ಮಾಡಿದ ಅನಿಮೇಷನ್. ಅಂದರೆ ಶಿವಮೊಗ್ಗದ ನಮ್ಮ ಸುದೀಪ್ ಎದುರಿಗೆ ಇಲ್ಲದ ನೊಣವನ್ನು ನೋಡಿ ಬೆಚ್ಚಬೇಕು, ಬೈಯಬೇಕು, ಖಾಲಿ ಗಾಳಿಗೆ ಕೈ ಬೀಸಬೇಕು. ಆಮೇಲೆ ಅಲ್ಲಿ ನೊಣವನ್ನು ಕೂಡಿಸುತ್ತಾರೆ. ಈ ಕೆಲಸಕ್ಕೆ ಉತ್ತಮ ಸ್ಪೆಷಲ್ ಎಫೆಕ್ಟ್ಸ್‌ಗಾಗಿ ರಾಷ್ಟ್ರ ಪ್ರಶಸ್ತಿ ಬಂತು. ಉತ್ತಮ ತೆಲುಗು ಚಿತ್ರವೆಂಬ ಪ್ರಶಸ್ತಿಯೂ ಬಂತು.

ನಟರನ್ನೂ ಅನಿಮೇಷನ್ ಪಾತ್ರಗಳನ್ನೂ ಒಂದೇ ತೆರೆಯ ಮೇಲೆ ತರುವ ಆಟ ಹೊಸದಲ್ಲ. 1964ರ 'ಮೇರಿ ಪಾಪಿನ್ಸ್', 1988ರ 'ಹೂ ಫ್ರೇಮ್ಡ್ ರೋಜರ್ ರ‍್ಯಾಬಿಟ್' ಜಗತ್ತಿನ ಮಕ್ಕಳೆಲ್ಲ ನೋಡಿದ ಚಿತ್ರಗಳು. ಹಿಂದಿಯಲ್ಲಿ 2010ರಲ್ಲಿ 'ಟೂನ್‌ಪುರ್ ಕಾ ಸೂಪರ್‌ಹೀರೋ' ಬಂತು. ಆದರೆ ನಮ್ಮ ಓಣಿಯ ಮಕ್ಕಳ ಬಾಯಲ್ಲಿ ಉಳಿದದ್ದು ನೊಣದ ಸಿನಿಮಾ.

ಈ ಚಿತ್ರದ ಬಗ್ಗೆ ನಮ್ಮ ತರಗತಿಯ ಗೆಳತಿಯರನ್ನೂ ಮನೆಯವರನ್ನೂ ಕೇಳಿದೆ. ಒಬ್ಬಳು, "ಅದೇನು ಸಣ್ಣ ಹುಡುಗರ ಸಿನಿಮಾ, ಗ್ರಾಫಿಕ್ಸ್ ಈಗ ಹಳೇದಾತು" ಎಂದಳು. ನಮ್ಮ ಅಮ್ಮಿಯದು ಬೇರೆ ಮಾತು: "ಕೊಲೆ, ಸೇಡು ಇರೋ ಕಥೆ ಮಕ್ಕಳಿಗೆ ಯಾಕ ಬೇಕು?" ಅಮ್ಮಿಯ ಮಾತಿನಲ್ಲಿ ಅರ್ಥವಿದೆ. ನಾಯಕನನ್ನು ಕೊಲ್ಲುವ ದೃಶ್ಯ ಬಂದಾಗ ಚಿಕ್ಕವಳೊಬ್ಬಳು ಹೆದರಿ ನನ್ನ ಓಢಣಿಯಲ್ಲಿ ಮುಖ ಮುಚ್ಚಿಕೊಂಡಳು. ಇಂಥ ಚಿತ್ರ ಹಾಕಿಕೊಟ್ಟು ದೊಡ್ಡವರು ಎದ್ದು ಹೋಗಬಾರದು, ಜೊತೆಗೆ ಕೂತು ನೋಡಬೇಕು. ಮೂರನೆಯವಳು ಹೇಳಿದ್ದು ನನ್ನನ್ನು ಯೋಚನೆಗೆ ಹಚ್ಚಿತು: "ನೊಣ ಮಾತೇ ಆಡೂದಿಲ್ಲ. ಮತ್ತ ಭಾಷೆ ಯಾವುದಿದ್ದರ ಏನು?"

ನಿಜ, ನೊಣ ಮಾತಾಡುವುದಿಲ್ಲ. ಕೈಸನ್ನೆ ಮಾಡುತ್ತದೆ, ಕಾರಿನ ಗಾಜಿನ ಮೇಲೆ ಬೆದರಿಕೆ ಬರೆಯುತ್ತದೆ. ಅದಕ್ಕೇ ಅಲ್ಲಿ ಎಲ್ಲ ಮಕ್ಕಳೂ ಒಟ್ಟಿಗೆ ನಕ್ಕರು. ಆದರೆ ನೊಣವನ್ನು ನಂಬುವಂತೆ ಮಾಡುವವರು ಅದರ ಸುತ್ತ ಇರುವ ಮನುಷ್ಯರು. ಅವರ ಭಯ, ಸುಳ್ಳು, ಸಿಟ್ಟು ಎಲ್ಲ ಮಾತಿನಲ್ಲಿದೆ. ಆ ಮಾತು ತಿಳಿಯದ ಮಗು ಅರ್ಧ ಸಿನಿಮಾ ನೋಡಿದ ಹಾಗೆ. ಆಮೇಲೆ "ಹ್ಯಾಂಗಿತ್ತೋ?" ಎಂದು ಕೇಳಿದರೆ "ಛಲೋ ಇತ್ತು" ಎನ್ನುತ್ತದೆ, ಅಷ್ಟೇ. ನನ್ನ ತಮ್ಮ ಅದೇ ಚಿತ್ರದ ಬಗ್ಗೆ ಅರ್ಧ ತಾಸು ಮಾತಾಡಿದ. ಇಬ್ಬರಲ್ಲಿ ಯಾರೂ ದಡ್ಡರಲ್ಲ. ಒಬ್ಬನಿಗೆ ಮಾತು ಸಿಕ್ಕಿತ್ತು, ಇನ್ನೊಬ್ಬನಿಗೆ ಸಿಕ್ಕಿರಲಿಲ್ಲ.

ಹಾಗಾದರೆ ಸುದೀಪ್ ಯಾಕೆ ಕನ್ನಡ ಮಾತಾಡಲಿಲ್ಲ? 'ಈಗ' ತೆಲುಗು ಮತ್ತು ತಮಿಳಿನಲ್ಲಿ ತಯಾರಾಯಿತು. ಮಲಯಾಳಂಗೆ, ಹಿಂದಿಗೆ ಡಬ್ ಆಯಿತು. ಕನ್ನಡಕ್ಕೆ ಆಗಲಿಲ್ಲ, ಯಾಕೆಂದರೆ ಆಗ ಕನ್ನಡದಲ್ಲಿ ಸಿನಿಮಾ ಡಬ್ಬಿಂಗಿಗೆ ದಾರಿ ಇರಲಿಲ್ಲ. ಅದು ಸರಕಾರದ ಕಾನೂನಲ್ಲ, ಚಿತ್ರೋದ್ಯಮದ ಸಂಘಗಳು ಹಿಡಿದುಕೊಂಡು ಬಂದ ಕಟ್ಟಳೆ. ಅದಕ್ಕೂ ಕಾರಣವಿತ್ತು. 1960ರ ದಶಕದಲ್ಲಿ ಕನ್ನಡ ಚಿತ್ರರಂಗ ಸಣ್ಣದಿತ್ತು. ಬೇರೆ ಭಾಷೆಯ ದೊಡ್ಡ ಚಿತ್ರಗಳು ಕನ್ನಡದ ವೇಷ ಹಾಕಿ ಬಂದರೆ ನಮ್ಮ ಕಲಾವಿದರಿಗೆ, ತಂತ್ರಜ್ಞರಿಗೆ ಕೆಲಸ ಇರುವುದಿಲ್ಲ ಎಂದು ಅನಕೃ ಅವರಂಥ ಸಾಹಿತಿಗಳು ಹೋರಾಡಿದರು, ಡಾ. ರಾಜ್‌ಕುಮಾರ್ ಜೊತೆಯಾದರು. ಆ ಹೋರಾಟವನ್ನು ಹಗುರಾಗಿ ಕಾಣುವ ಹಕ್ಕು ನನಗಿಲ್ಲ. ಆದರೆ ಅದರ ಬೆಲೆಯಲ್ಲಿ ಒಂದು ಪಾಲನ್ನು ಮಕ್ಕಳು ತೆತ್ತರು. 2009ರಲ್ಲಿ ಚಿಂಟು ಟಿವಿ ಬಂದ ಮೇಲೆ ಕಾರ್ಟೂನುಗಳು ಕನ್ನಡ ಮಾತಾಡಿದವು. ಸಿನಿಮಾ ಮಟ್ಟಿಗೆ 2015ರವರೆಗೆ ಕಾಯಬೇಕಾಯಿತು. ಆ ವರ್ಷ ಭಾರತೀಯ ಸ್ಪರ್ಧಾ ಆಯೋಗ ಡಬ್ಬಿಂಗ್ ತಡೆಯುವುದು ತಪ್ಪು ಎಂದು ಆದೇಶ ಮಾಡಿತು. 2022ರಲ್ಲಿ 'ಅವತಾರ್' ಎರಡನೇ ಭಾಗ ಕನ್ನಡದಲ್ಲೂ ಬಂತು.

"ಹಿಂದಿಯಲ್ಲಿ ನೋಡಿದರ ಹಿಂದಿನರ ಬರತೈತಿ" ಎನ್ನುವವರೂ ಇದ್ದಾರೆ. ಬರಲಿ, ಒಳ್ಳೆಯದೇ. ಆದರೆ ಕಥೆ ಕೇಳುವುದೂ ಭಾಷೆ ಕಲಿಯುವುದೂ ಎರಡು ಬೇರೆ ಕೆಲಸ. ನಮ್ಮ ಬೈಲಹೊಂಗಲ ಸೀಮೆಯ 'ಸಂಗ್ಯಾ ಬಾಳ್ಯಾ' ಸಣ್ಣಾಟವನ್ನೇ ನೋಡಿ. ಮನೆಯಲ್ಲಿ ಉರ್ದು ಆಡುವ ನನ್ನ ನಾನಿಗೂ ಆ ಕಥೆ ಪೂರ್ತಿ ಗೊತ್ತು. ಆಟ ನೋಡುವಾಗ ಯಾರೂ ಅವರಿಗೆ ಅರ್ಥ ಹೇಳಬೇಕಿರಲಿಲ್ಲ. ಊರಿನ ಮಾತಿನಲ್ಲಿ ಆಟ ಇತ್ತು, ಊರಿನವರೆಲ್ಲ ಕೂಡಿ ನಕ್ಕರು, ಕೂಡಿ ಅತ್ತರು.

ಕನ್ನಡದಲ್ಲಿ ಮಕ್ಕಳ ಒಳ್ಳೆಯ ಚಿತ್ರಗಳಿಲ್ಲವೆಂದಲ್ಲ. ನಾಗಾಭರಣರ 'ಚಿನ್ನಾರಿ ಮುತ್ತ', ನಾಗತಿಹಳ್ಳಿ ಚಂದ್ರಶೇಖರರ 'ಕೊಟ್ರೇಶಿ ಕನಸು', ರಿಷಬ್ ಶೆಟ್ಟಿಯವರ 'ಸರಕಾರಿ ಹಿರಿಯ ಪ್ರಾಥಮಿಕ ಶಾಲೆ ಕಾಸರಗೋಡು' ಇವೆ. ಇವೆಲ್ಲ ನಿಜ ಬದುಕಿನ ಕಥೆಗಳು, ಬೇಕೇಬೇಕು. ಆದರೆ ಮಗುವಿಗೆ ಹಾರುವ ನೊಣವೂ ಬೇಕು, ಮಾತಾಡುವ ಗೊಂಬೆಯೂ ಬೇಕು. ಅನಿಮೇಷನ್ನಿಗೆ ದುಡ್ಡು ಬಹಳ ಬೇಕು, ನಾವೇ ಎಲ್ಲವನ್ನೂ ಮಾಡಲಾಗದು. ಆದ್ದರಿಂದ ದೊಡ್ಡವರ ಚಿತ್ರಗಳ ವಾದ ಏನೇ ಇರಲಿ, ಮಕ್ಕಳ ಚಿತ್ರಗಳಿಗಾದರೂ ಒಳ್ಳೆಯ ಕನ್ನಡ ಡಬ್ಬಿಂಗ್ ಬೇಕು. ಬೆಂಗಳೂರಿನ ಪುಸ್ತಕದ ಕನ್ನಡವಷ್ಟೇ ಅಲ್ಲ, ನಮ್ಮ ಸವದತ್ತಿ, ರಾಮದುರ್ಗದ ಮಾತು ಆಡುವ ಒಂದು ನೊಣವೂ ಇರಲಿ.

ಈ ಕೆಲಸ ಮಾಡುವವರು ಯಾರು? ಸ್ನೇಹಿತರೇ, ನಮ್ಮಂಥವರು ಯಾಕಾಗಬಾರದು? "ನಿಮಗೆ ಕನ್ನಡ ಬರತೈತೇನು?" ಎಂಬ ಪ್ರಶ್ನೆ ನಮ್ಮಲ್ಲಿ ಎಷ್ಟೋ ಮಂದಿ ಬಸ್ಸಿನಲ್ಲಿ, ಅಂಗಡಿಯಲ್ಲಿ ಕೇಳಿದ್ದೇವೆ. ಹಬ್ಬದ ಮರುದಿನ ನಮ್ಮ ಮನೆಯಲ್ಲಿ ಉರ್ದು ಮನೆಯ ಎಂಟು ವರ್ಷದ ಹುಡುಗನೊಬ್ಬ ಕನ್ನಡ ಮನೆಯ ಗೆಳೆಯನಿಗೆ ಇಡೀ ಸಿನಿಮಾವನ್ನು ಕನ್ನಡದಲ್ಲಿ ಹೇಳಿದ. ಯಾರೂ ಅವನಿಗೆ ಕಲಿಸಿರಲಿಲ್ಲ. ಎರಡು ಭಾಷೆಯ ನಡುವೆ ಬೆಳೆದವರಿಗೆ ಈ ಕೆಲಸ ಹುಟ್ಟಿನಿಂದ ಬಂದಿರುತ್ತದೆ. ಅದನ್ನು ಕಂಠದಾನ, ಅನುವಾದ, ಸಂಭಾಷಣೆ ಬರೆಯುವ ಉದ್ಯೋಗ ಎಂದು ಯಾರೂ ನಮಗೆ ಹೇಳಿಲ್ಲ. ವೃತ್ತಿ ಮಾರ್ಗದರ್ಶನದ ತಾಸಿನಲ್ಲಿ ಡಾಕ್ಟರ್, ಎಂಜಿನಿಯರ್ ಜೊತೆ ಇದನ್ನೂ ಒಮ್ಮೆ ಹೇಳಬೇಕೆಂದು ಗುರುಗಳಲ್ಲಿ ವಿನಂತಿ.

ಸದ್ಯಕ್ಕೆ ಮಾಡಬಹುದಾದ ಒಂದು ಸಣ್ಣ ಕೆಲಸವೂ ಇದೆ. ಮನೆಯಲ್ಲಿ ಮಕ್ಕಳು ಇಂಥ ಸಿನಿಮಾ ನೋಡುವಾಗ ಮೊಬೈಲ್ ಕೆಳಗಿಟ್ಟು ಪಕ್ಕದಲ್ಲಿ ಕೂಡೋಣ. "ಏನಂದ್ನೋ ಅವ?" ಎಂದು ಯಾವ ಮಗು ಕೇಳಿದರೂ, ಅದು ಯಾರ ಮನೆಯದೇ ಇರಲಿ, ಅದರ ಮಾತಿನಲ್ಲಿ ಹೇಳೋಣ. ಬೇಗ ಹೇಳೋಣ, ಉಳಿದವರು ನಗುವಷ್ಟರಲ್ಲಿ.